ಹೊಳೆಯಿಂದ ಹೊಳೆಗೆ: ಮಲೆನಾಡಿನ ಘಾಟಿಗಳಲ್ಲಿ ಸೈಕಲ್ ಸವಾರಿಯ ನನ್ನ ಅನುಭವ

ಮಲೆನಾಡಿನಲ್ಲಿ ಸೈಕಲ್ ಸವಾರಿಗೆ ದಾರಿ ಗೊತ್ತು ಮಾಡಿಕೊಳ್ಳುವಾಗ ನಾನು ಮೊದಲು ನೋಡುವುದು ದೂರವನ್ನಲ್ಲ, ಹೊಳೆಗಳನ್ನು. ಹೊರಡುವ ಊರು ಯಾವ ಹೊಳೆಯ ಸೀಮೆಗೆ ಸೇರಿದೆ, ಸೇರಬೇಕಾದ ಊರು ಯಾವ ಹೊಳೆಯ ದಂಡೆಯಲ್ಲಿದೆ, ನಡುವೆ ಎಷ್ಟು ಏಣುಗಳನ್ನು, ಅಂದರೆ ಎರಡು ಕಣಿವೆಗಳನ್ನು ಬೇರ್ಪಡಿಸುವ ಬೆಟ್ಟದ ಬೆನ್ನುಗಳನ್ನು, ದಾಟಬೇಕು ಎಂಬುದು ತಿಳಿದರೆ ಆ ದಿನದ ಶ್ರಮದ ಅಂದಾಜು ಬಹುಮಟ್ಟಿಗೆ ಸಿಕ್ಕಿಬಿಡುತ್ತದೆ. ಬಯಲುಸೀಮೆಯ 100 ಕಿಲೋಮೀಟರಿಗೂ ಚಿಕ್ಕಮಗಳೂರಿನ ಪಶ್ಚಿಮಕ್ಕಿರುವ 60 ಕಿಲೋಮೀಟರಿಗೂ ಹೋಲಿಕೆಯೇ ಇಲ್ಲ.

ಚಿಕ್ಕಮಗಳೂರು ಯಗಚಿಯ ಸೀಮೆ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ಯಗಚಿ ಬೇಲೂರಿನ ಮಗ್ಗುಲಲ್ಲಿ ಹರಿದು ಹೇಮಾವತಿಯನ್ನು ಕೂಡುತ್ತಾಳೆ. ಆ ನೀರು ಕಾವೇರಿಯ ಪಾಲು. ಬಾಳೆಹೊನ್ನೂರು ಮತ್ತು ಕಳಸ ಭದ್ರೆಯ ದಂಡೆಯ ಊರುಗಳು. ಭದ್ರೆ ಕೂಡ್ಲಿಯಲ್ಲಿ ತುಂಗೆಯನ್ನು ಸೇರಿ ಮುಂದೆ ಕೃಷ್ಣೆಯ ಕಡೆಗೆ ಹೋಗುತ್ತಾಳೆ. ಚಾರ್ಮಾಡಿಯ ಕೆಳಗಿನ ನೀರೆಲ್ಲ ನೇತ್ರಾವತಿಗೆ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಒಂದು ಕಣಿವೆಯಿಂದ ಇನ್ನೊಂದಕ್ಕೆ ಹೋಗುವವನು ನಡುವಿನ ಏಣನ್ನು ಹತ್ತಲೇಬೇಕು. ಹಾಗೆಂದು ಹೊಳೆಯ ಪಕ್ಕದಲ್ಲೇ ಸಾಗುವ ರಸ್ತೆ ಸಮತಟ್ಟಾಗಿರುತ್ತದೆ ಎಂದು ತಿಳಿಯುವಂತಿಲ್ಲ. ಬೆಟ್ಟದಿಂದ ಇಳಿದು ಬರುವ ಪ್ರತಿ ಹಳ್ಳಕ್ಕೂ ರಸ್ತೆ ಸೇತುವೆಯ ತನಕ ಇಳಿದು ಮತ್ತೆ ಏರುತ್ತದೆ. ನಕ್ಷೆಯಲ್ಲಿ ಕಾಣದ ಈ ಸಣ್ಣ ಏರುಗಳು ಮಧ್ಯಾಹ್ನದ ಹೊತ್ತಿಗೆ ದೊಡ್ಡ ಘಾಟಿಗಿಂತ ಹೆಚ್ಚಾಗಿ ಕಾಲುಗಳನ್ನು ಸೋಲಿಸುತ್ತವೆ.

ಹೊಸಬರಿಗೆ ನಾನು ಮೊದಲು ಹೇಳುವುದು ಆಲ್ದೂರಿನ ಮೇಲಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯನ್ನು. ಕಾಫಿ ತೋಟಗಳ ನೆರಳು ಬಹುದೂರ ಜೊತೆಗಿರುತ್ತದೆ, ಊರುಗಳು ತೀರಾ ದೂರವಿಲ್ಲ, ಹೋಗುವಾಗ ಒಟ್ಟಾರೆ ಇಳಿತವೇ ಹೆಚ್ಚು. ಆದರೆ ಹೋಗುವಾಗ ಸಿಕ್ಕ ಸುಖವೆಲ್ಲ ಹಿಂದಿರುಗುವಾಗ ತೀರಿಸಬೇಕಾದ ಸಾಲ. ಅದಕ್ಕಾಗಿ ನಾನು ಬಾಳೆಹೊನ್ನೂರಿನಲ್ಲಿ ಹೊಟ್ಟೆ ತುಂಬ ಉಂಡು, ಬಿಸಿಲು ಇಳಿಯುವುದನ್ನು ಕಾಯದೆ, ಬೇಗನೆ ಹೊರಡುತ್ತೇನೆ.

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಕೊಟ್ಟಿಗೆಹಾರದಿಂದ ಕಳಸಕ್ಕೆ, ಅಲ್ಲಿಂದ ಕುದುರೆಮುಖಕ್ಕೆ ಹೋಗುವ ದಾರಿ. ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹೇಮಾವತಿ ಹುಟ್ಟುತ್ತಾಳೆ. ಗೊರೂರಿನಲ್ಲಿ ಅಣೆಕಟ್ಟೆಯ ಹಿಂದೆ ಕಡಲಿನಂತೆ ನಿಲ್ಲುವ ನೀರನ್ನು ಕಂಡವರು ಈ ಹುಟ್ಟಿನ ಜಾಗವನ್ನೂ ಕಾಣಬೇಕು ಎಂಬುದು ನನ್ನ ಆಸೆ. ಜಾವಳಿಯ ಆಚೆ ಏಣು ದಾಟಿದರೆ ಭದ್ರೆಯ ಸೀಮೆ. ಕಾಫಿಯ ಜೊತೆಗೆ ಕೆಳಗೂರಿನ ಚಹಾ ತೋಟಗಳೂ ಕಾಣಿಸುತ್ತವೆ. ತಿರುವುಗಳು ಬಿಗಿಯಾಗಿವೆ, ರಸ್ತೆ ಕಿರಿದು, ಎದುರಿಗೆ ಬಸ್ಸು ಬಂದರೆ ಸೈಕಲನ್ನು ಅಂಚಿಗೆ ಇಳಿಸಿ ನಿಲ್ಲುವುದೇ ಸರಿ. ಕಳಸದಿಂದ ಕುದುರೆಮುಖದ ಕಡೆಗೆ ಭದ್ರೆಯನ್ನು ಎದುರುಗೊಳ್ಳುತ್ತ ಸಾಗುವಾಗ ಸುತ್ತಲಿನ ಬೆಟ್ಟಗಳ ಸ್ವರೂಪ ಸ್ಪಷ್ಟವಾಗುತ್ತದೆ: ಮೇಲೆ ಬೋಳು ಹುಲ್ಲುಗಾವಲು, ಮಡಿಕೆಗಳಲ್ಲಿ ಮಾತ್ರ ದಟ್ಟವಾಗಿ ತುಂಬಿಕೊಂಡ ಶೋಲಾ ಕಾಡು. ಈ ಹುಲ್ಲು ಮತ್ತು ಕಾಡು ಮಳೆಗಾಲದ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವುದರಿಂದಲೇ ಬೇಸಿಗೆಯಲ್ಲೂ ಹಳ್ಳಗಳಲ್ಲಿ ನೀರು ಉಳಿಯುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಇದು ರಾಷ್ಟ್ರೀಯ ಉದ್ಯಾನದ ಒಳಗಿನ ರಸ್ತೆ. ಹೊರಡುವ ಮುನ್ನ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಆಯಾ ದಿನದ ನಿಯಮವನ್ನು ಕೇಳಿ ತಿಳಿದುಕೊಳ್ಳುವುದು, ದಾರಿಯಲ್ಲಿ ಸಿಕ್ಕಲ್ಲಿ ನಿಂತು ತಿಂಡಿ ಬಿಚ್ಚದಿರುವುದು ಸವಾರನ ಕರ್ತವ್ಯವೆಂದೇ ನಾನು ಭಾವಿಸಿದ್ದೇನೆ.

ಚಾರ್ಮಾಡಿ ಘಾಟಿಯನ್ನು ಇಳಿಯುವುದಕ್ಕಿಂತ ಹತ್ತುವುದೇ ನನಗೆ ಇಷ್ಟ. ಕೆಳಗಿನ ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ 20 ಕಿಲೋಮೀಟರಿಗೂ ಮಿಕ್ಕಿದ ದಾರಿ. ಕರಾವಳಿಯ ಕಡೆಯ ಸೆಕೆಯಲ್ಲಿ ಬೆವರು ಆರುವುದೇ ಇಲ್ಲ, ಆದ್ದರಿಂದ ಬೆಳಕು ಹರಿಯುತ್ತಿದ್ದಂತೆಯೇ ಏರಲು ಆರಂಭಿಸುತ್ತೇನೆ. ಎರಡು ಬಾಟಲಿಗಳಲ್ಲಿ ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಉಪ್ಪು, ಬೆಲ್ಲ, ನಿಂಬೆರಸ ಹಾಕಿಕೊಳ್ಳುತ್ತೇನೆ. ಹೇರ್‌ಪಿನ್ ತಿರುವಿನ ಒಳ ಅಂಚು ಅತಿ ಕಡಿದಾಗಿರುವುದರಿಂದ, ಎದುರಿಗೆ ವಾಹನವಿಲ್ಲವೆಂದು ಖಚಿತವಾದಾಗ ಮಾತ್ರ ಸ್ವಲ್ಪ ಹೊರಗಿನಿಂದ ಸುತ್ತಿದರೆ ಲಯ ಕೆಡುವುದಿಲ್ಲ. ಉಸಿರು ಕಟ್ಟದೆ ಎರಡು ಮಾತು ಆಡಬಲ್ಲಷ್ಟು ವೇಗವೇ ಏರಿಗೆ ಸರಿಯಾದ ವೇಗ. ಮೇಲೆ ಕೊಟ್ಟಿಗೆಹಾರದಲ್ಲಿ ಸಿಗುವ ಬಿಸಿ ನೀರುದೋಸೆ ಆ ಏರನ್ನು ಹತ್ತಿದವನಿಗೆ ರುಚಿಸುವಷ್ಟು ಬೇರೆ ಯಾರಿಗೂ ರುಚಿಸಲಾರದು ಎಂದು ನನ್ನ ನಂಬಿಕೆ.

ಗೇರಿನ ವಿಷಯದಲ್ಲಿ ನನ್ನ ಅಭಿಪ್ರಾಯ ನೇರವಾದದ್ದು. ಮುಂದೆ ಪೆಡಲಿನ ಜೊತೆ ತಿರುಗುವ ಹಲ್ಲುಚಕ್ರ, ಅಂದರೆ ಚೈನ್‌ರಿಂಗ್, 34 ಹಲ್ಲಿನದಾಗಿ, ಹಿಂದಿನ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್ಟಿನಲ್ಲಿ ಅತಿ ದೊಡ್ಡದೂ 34 ಹಲ್ಲಿನದಾದರೆ ಪೆಡಲಿನ ಒಂದು ಸುತ್ತಿಗೆ ಹಿಂದಿನ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ. ನಮ್ಮ ಘಾಟಿಗಳಿಗೆ ಇದಕ್ಕಿಂತ ಭಾರವಾದ ಗೇರು ಮೊಣಕಾಲಿಗೆ ಶತ್ರು. ಟೈರು 32 ಮಿಲಿಮೀಟರಿನದಾದರೆ ಮಳೆಗಾಲ ಕಳೆದ ಮೇಲಿನ ಗುಂಡಿಬಿದ್ದ ರಸ್ತೆಯಲ್ಲಿ ಕೈ ಮರಗಟ್ಟುವುದಿಲ್ಲ. ಇಳಿಜಾರಿನಲ್ಲಿ ಬ್ರೇಕನ್ನು ಉದ್ದಕ್ಕೂ ಹಿಡಿದುಕೊಂಡೇ ಇಳಿಯಬಾರದು. ರಿಮ್ ಬ್ರೇಕಾದರೆ ರಿಮ್ಮು ಕಾದು ಟ್ಯೂಬು ಒಡೆಯುವ ಅಪಾಯವಿದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕನ್ನು ಸಡಿಲಿಸಿ, ದಾಟಿದ ಮೇಲೆ ಮತ್ತೆ ಒತ್ತುವುದು ಕ್ಷೇಮ.

ಮುಳ್ಳಯ್ಯನಗಿರಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಶಿಖರದ ಎತ್ತರ ಸುಮಾರು 1,930 ಮೀಟರ್. ಚಿಕ್ಕಮಗಳೂರು ಪೇಟೆಯಿಂದ 800 ಮೀಟರಿಗೂ ಹೆಚ್ಚಿನ ಏರು. ಕೈಮರ ದಾಟಿದ ಮೇಲೆ ನಿಜವಾದ ಪರೀಕ್ಷೆ ಶುರುವಾಗುತ್ತದೆ. ವಾರದ ಕೊನೆಯಲ್ಲಿ ಪ್ರವಾಸಿ ವಾಹನಗಳ ಸಾಲಿನ ನಡುವೆ ಹೊಗೆ ಕುಡಿಯುತ್ತ ಹತ್ತುವುದರಲ್ಲಿ ಅರ್ಥವಿಲ್ಲ. ವಾರದ ನಡುವಿನ ಬೆಳಗಿನಲ್ಲಿ ಹೋಗಬೇಕು.

ಕಾಲದ ಆಯ್ಕೆಯೂ ದಾರಿಯ ಆಯ್ಕೆಯಷ್ಟೇ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಘಾಟಿಗಳಿಗೆ ಹೋಗುವುದಿಲ್ಲ. 2019ರ ಆಗಸ್ಟ್ ತಿಂಗಳ ಮಳೆಗೆ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಕುಸಿತವಿಲ್ಲದ ವರ್ಷದಲ್ಲೂ ರಸ್ತೆಯ ಅಂಚಿನ ಪಾಚಿ, ಮಂಜು ಎರಡೂ ಸೈಕಲ್ಲಿಗೆ ಆಗದವು. ಆ ತಿಂಗಳುಗಳಲ್ಲಿ ಬೇಲೂರು, ಹಳೇಬೀಡಿನ ಕಡೆಗೆ ಹೋಗುತ್ತೇನೆ. ನವೆಂಬರ್‌ನಿಂದ ಕಾಫಿ ಕೊಯ್ಲು ಆರಂಭವಾದರೆ ಬೆಳಿಗ್ಗೆ ಮತ್ತು ಸಂಜೆ ಆಳುಗಳನ್ನು ಕರೆದೊಯ್ಯುವ ಜೀಪು, ಪಿಕಪ್‌ಗಳ ಓಡಾಟ ಹೆಚ್ಚು. ಬೇಸಿಗೆಯ ಮೊದಲ ಮಳೆ ಬಿದ್ದು ತೋಟ ಹೂಬಿಟ್ಟಾಗ ಕೆಲವೇ ದಿನ ಇಡೀ ದಾರಿ ಘಮಗುಡುತ್ತದೆ. ಆ ವಾರ ಬೇರೆ ಕೆಲಸವನ್ನು ಬದಿಗಿಟ್ಟಾದರೂ ಹೊರಡುತ್ತೇನೆ.

ಹಾಸನ ಜಿಲ್ಲೆಯಲ್ಲಿ ನಾನು ಮತ್ತೆ ಮತ್ತೆ ಹೋಗುವುದು ಸಕಲೇಶಪುರದಿಂದ ಹೆತ್ತೂರಿನ ಮೇಲೆ ಬಿಸಿಲೆಗೆ. ಶಿರಾಡಿ ಘಾಟಿಯಲ್ಲಿ ಲಾರಿಗಳ ದಟ್ಟಣೆಯಿರುವುದರಿಂದ ಸೈಕಲ್ಲಿಗೆ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಬಿಸಿಲೆಯ ಸಮೀಪ ಮಂಕನಹಳ್ಳಿಯ ಏಣಿನಲ್ಲಿ ನೀರು ಎರಡಾಗುತ್ತದೆ: ಒಂದು ಮಗ್ಗುಲಿನ ಮಳೆ ಹೇಮಾವತಿಯ ಮೂಲಕ ಬಂಗಾಳ ಕೊಲ್ಲಿಗೆ, ಇನ್ನೊಂದು ಮಗ್ಗುಲಿನದು ಕುಮಾರಧಾರೆಯನ್ನು ಸೇರಿ ಅರಬ್ಬಿ ಸಮುದ್ರಕ್ಕೆ. ಆದರೆ ಇದು ಆನೆಗಳ ಸೀಮೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ತೋಟಗಳಲ್ಲಿ ಆನೆ ಇರುವುದು ಈಗ ದಿನನಿತ್ಯದ ಮಾತು, ಸದ್ದಿಲ್ಲದೆ ಬರುವ ಸೈಕಲ್ಲು ಆನೆಯನ್ನು ಬೆಚ್ಚಿಬೀಳಿಸುವ ಸಂಭವ ಹೆಚ್ಚು. ಸೂರ್ಯ ಚೆನ್ನಾಗಿ ಮೇಲೇರುವ ತನಕ ನಾನು ಇಲ್ಲಿ ಕಾಡಿನ ರಸ್ತೆಗೆ ಇಳಿಯುವುದಿಲ್ಲ, ಸಂಜೆ ಐದರೊಳಗೆ ಊರು ಸೇರುತ್ತೇನೆ, ಪ್ರತಿ ಚಹಾ ಅಂಗಡಿಯಲ್ಲೂ ಕೇಳಿಯೇ ಮುಂದುವರಿಯುತ್ತೇನೆ. "ಬೆಳಿಗ್ಗೆ ದಾಟಿದಾವೆ ಸಾರ್, ಸ್ವಲ್ಪ ಹೊತ್ತು ಬಿಟ್ಟು ಹೋಗಿ" ಎಂದು ತೋಟದ ಆಳೊಬ್ಬರು ಹೇಳಿದರೆ ಇನ್ನೊಂದು ಲೋಟ ಚಹಾ ತರಿಸಿಕೊಂಡು ಕೂರುತ್ತೇನೆ. ಮಧ್ಯಾಹ್ನದವರೆಗೂ ಆನೆಗಳು ಕದಲಲಿಲ್ಲವೆಂದು ತಿಳಿದರೆ ಬಂದ ದಾರಿಯಲ್ಲೇ ಸಕಲೇಶಪುರಕ್ಕೆ ಹಿಂದಿರುಗುತ್ತೇನೆ.