ವಸಡಿನ ಚಿಕಿತ್ಸೆಗೆ ಬಂದವರ ಗೊರಕೆ: ನನ್ನ ಅನುಭವ

ಹಾಸನದ ನನ್ನ ಕ್ಲಿನಿಕ್ಕಿಗೆ ಬರುವ ಸಕ್ಕರೆ ಕಾಯಿಲೆಯವರಲ್ಲಿ ಕೆಲವರಿಗೆ ಎಷ್ಟು ಶ್ರದ್ಧೆಯಿಂದ ರೂಟ್ ಪ್ಲೇನಿಂಗ್ (ವಸಡಿನಡಿಯ ಹಲ್ಲಿನ ಬೇರನ್ನು ಕೆರೆದು ನುಣುಪುಗೊಳಿಸುವುದು) ಮಾಡಿದರೂ ಮೂರು ತಿಂಗಳೊಳಗೆ ವಸಡಿನಲ್ಲಿ ಮತ್ತೆ ರಕ್ತ ಕಾಣಿಸುತ್ತಿತ್ತು. ತಪ್ಪು ಅವರ ಬ್ರಷ್ಷಿನದೆಂದೇ ಬಹುಕಾಲ ಬೈದೆ. ಒಮ್ಮೆ ಲಾರಿ ಮಾಲೀಕರೊಬ್ಬರು, ನಾನು ಹಲ್ಲಿನ ಕಿಟ್ಟ ತೆಗೆಯುವ ಸ್ಕೇಲರ್ ಆಡಿಸುತ್ತಿರುವಾಗಲೇ ನಿದ್ದೆಗೆ ಜಾರಿ ಗೊರಕೆ ಹೊಡೆದು, ಹತ್ತು ಹನ್ನೆರಡು ಸೆಕೆಂಡು ಉಸಿರೇ ಇಲ್ಲದಂತಿದ್ದು, ಕೆರೆಯಲ್ಲಿ ಮುಳುಗಿ ಎದ್ದವರ ಹಾಗೆ ಏದುಸಿರಿನೊಂದಿಗೆ ಎಚ್ಚೆತ್ತರು. ಅವರ ನಾಲಗೆಯ ಅಂಚಿನಲ್ಲಿ ಹಲ್ಲುಗಳ ಅಚ್ಚು ಒತ್ತಿತ್ತು, ದವಡೆ ಹಲ್ಲುಗಳು ಸವೆದು ಚಪ್ಪಟೆಯಾಗಿದ್ದವು.

ಅಂದಿನಿಂದ ಸಕ್ಕರೆಯಿರುವ ಪ್ರತಿಯೊಬ್ಬರಿಗೂ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಯ (ಸ್ಲೀಪ್ ಆಪ್ನಿಯಾ) ಅಪಾಯವನ್ನು ಅಳೆಯುವ ಸ್ಟಾಪ್-ಬ್ಯಾಂಗ್ ಪ್ರಶ್ನಾವಳಿಯ ಎಂಟು ಪ್ರಶ್ನೆ ಕೇಳಿ, ಅದರಲ್ಲೇ ಒಂದಾದ ಕತ್ತಿನ ಸುತ್ತಳತೆಯನ್ನು ದರ್ಜಿಯ ಟೇಪಿನಿಂದ ಅಳೆಯತೊಡಗಿದೆ. ಗೊರಕೆಯ ಪ್ರಶ್ನೆಗೆ ಗಂಡಸರೆಲ್ಲ ಇಲ್ಲವೆನ್ನುತ್ತಾರೆ; ಹೊರಗೆ ಕುಳಿತ ಹೆಂಡತಿಯನ್ನು ಕೇಳಬೇಕು. ಪರಿಚಯದ ಫಿಸಿಶಿಯನ್ ಒಬ್ಬರು 'ಹಲ್ಲಿನವರಿಗೆ ಗೊರಕೆಯ ಉಸಾಬರಿ ಏಕೆ' ಎಂದು ನಕ್ಕರು. ಸಕ್ಕರೆ ಕಾಯಿಲೆ, ಸ್ಲೀಪ್ ಆಪ್ನಿಯಾ ಎರಡರಲ್ಲಿ ಒಂದಿದ್ದರೆ ಇನ್ನೊಂದನ್ನೂ ಪರೀಕ್ಷಿಸಿ ಎಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2008ರಲ್ಲೇ ಹೇಳಿದ್ದನ್ನು ನೆನಪಿಸಿದರೂ ಅವರು ಒಪ್ಪಲಿಲ್ಲ. ಎರಡು ವರ್ಷಗಳಲ್ಲಿ ಸುಮಾರು 140 ಜನರನ್ನು ಕೇಳಿರಬೇಕು. ಐವತ್ತರಷ್ಟು ಜನರಿಗೆ ಅಂಕ ಮೂರನ್ನು ದಾಟಿತು, ಆದರೆ ಮನೆಯಲ್ಲೇ ಮಾಡುವ ನಿದ್ರಾ ಪರೀಕ್ಷೆಗೆ ಆರೇಳು ಸಾವಿರ ಕೊಡಲು ಒಪ್ಪಿದವರು ಇಪ್ಪತ್ತು ಮಂದಿ ಮಾತ್ರ.

ಕೈ ಸುಟ್ಟುಕೊಂಡದ್ದು, ನಿದ್ದೆಯಲ್ಲಿ ಉಸಿರಿನ ದಾರಿ ತೆರೆದಿರಲೆಂದು ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಸಾಧನದಲ್ಲಿ. ಲ್ಯಾಬಿಗೆ ಹದಿನಾಲ್ಕು ಸಾವಿರ ತೆತ್ತು ಮಾಡಿಸಿದ ಮೊದಲನೆಯದನ್ನು, ಉತ್ಸಾಹದಲ್ಲಿ, ದವಡೆ ಮುಂದಕ್ಕೆ ಚಾಚಬಲ್ಲ ಗರಿಷ್ಠ ದೂರದ ಶೇ. 70ಕ್ಕೇ ನಿಲ್ಲಿಸಿ ಕೊಟ್ಟೆ. ಸಕ್ಕರೆಯಿಂದ ಮೊದಲೇ ಸಡಿಲವಾಗಿದ್ದ ಕೆಳಗಿನ ಬಾಚಿಹಲ್ಲುಗಳು ಮೂರೇ ವಾರದಲ್ಲಿ ಇನ್ನಷ್ಟು ಅಲುಗಾಡಿದವು; ಪಡೆದಿದ್ದ ಇಪ್ಪತ್ತೆರಡು ಸಾವಿರವನ್ನೂ ಹಿಂದಿರುಗಿಸಿದೆ. ಈಗ ವಸಡು ಹಿಡಿತಕ್ಕೆ ಬರುವವರೆಗೆ ಅಳತೆಯನ್ನೇ ತೆಗೆಯುವುದಿಲ್ಲ, ಪ್ರತಿ ದವಡೆಯಲ್ಲಿ ಕನಿಷ್ಠ ಎಂಟು ಗಟ್ಟಿ ಹಲ್ಲುಗಳಿರಬೇಕು, ಶೇ. 50ರಿಂದ ಆರಂಭಿಸಿ ಅರ್ಧರ್ಧ ಮಿಲಿಮೀಟರ್ ಮುಂದಕ್ಕೆ ಒಯ್ಯುತ್ತೇನೆ. ಬೈಟ್ (ಮೇಲಿನ ಕೆಳಗಿನ ಹಲ್ಲುಗಳು ಕೂಡುವ ಬಗೆ) ದಾಖಲಿಸುವಾಗ ನಾನು ಮಾಡಿಕೊಂಡ ಒಂದು ಸಣ್ಣ ಬದಲಾವಣೆಯನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅಂದಿನಿಂದ ಒಂದು ಸಾಧನವೂ ವಾಪಸು ಬಂದಿಲ್ಲ.

ನಡುವೆ ಇನ್ನೊಂದು ಪ್ರಯೋಗಕ್ಕೂ ಕೈ ಹಾಕಿದೆ. ಸಿಪ್ಯಾಪ್ (ನಿದ್ದೆಯಲ್ಲಿ ಮುಖವಾಡದ ಮೂಲಕ ಒತ್ತಡದ ಗಾಳಿ ಕೊಟ್ಟು ಉಸಿರಿನ ದಾರಿ ತೆರೆದಿಡುವ ಯಂತ್ರ) ಬಳಸುವವರ ಬಾಯಿ ಬೆಳಿಗ್ಗೆ ಒಣಗಿ, ಹಲ್ಲಿನ ಬುಡದಲ್ಲಿ ಹುಳುಕು ಹತ್ತುತ್ತಿದ್ದುದರಿಂದ, ಐದು ನಿಮಿಷದ ಜೊಲ್ಲನ್ನು ಅಳತೆಯ ಲೋಟಕ್ಕೆ ಉಗುಳಿಸಿ ನೋಡಿದೆ. ಕೆಲವರಲ್ಲಿ ಅರ್ಧ ಮಿಲಿಲೀಟರ್ ಕೂಡ ಇರಲಿಲ್ಲ. ಹತ್ತು ಹನ್ನೊಂದು ಜನರ ಬಳಿಕ ರೋಗಿಗಳೇ ಅಸಹ್ಯಪಟ್ಟು ನಿಲ್ಲಿಸಿದರು, ಆದರೂ ಯಂತ್ರಕ್ಕೆ ಗಾಳಿಯನ್ನು ತೇವಗೊಳಿಸುವ ಹ್ಯುಮಿಡಿಫೈಯರ್ ಜೋಡಿಸಿದರೆ ಬಾಯಿ ಒಣಗದಂತೆ ಬಳಸುವ ದುಬಾರಿ ಸ್ಪ್ರೇಗಿಂತ ಹೆಚ್ಚು ಪ್ರಯೋಜನವೆಂಬುದು ತಿಳಿಯಿತು.

ಲಾರಿ ಮಾಲೀಕರಿಗೆ ಗಂಟೆಗೆ ಮೂವತ್ತಕ್ಕೂ ಹೆಚ್ಚು ಬಾರಿ ಉಸಿರು ಕಟ್ಟುತ್ತಿತ್ತು, ಹಾಗಾಗಿ ಅವರಿಗೆ ಸಾಧನವಲ್ಲ, ಸಿಪ್ಯಾಪೇ. ಆರು ತಿಂಗಳಲ್ಲಿ ಹಲ್ಲು ವಸಡಿನ ನಡುವಿನ ಆರೇಳು ಮಿಲಿಮೀಟರ್ ಆಳದ ಪಾಕೆಟ್ಟುಗಳು ನಾಲ್ಕಕ್ಕೆ ಇಳಿದವು, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 9.4ರ ಆಸುಪಾಸಿನಿಂದ 7.8ಕ್ಕೆ ಬಂತು. ಅದೇ ಅವಧಿಯಲ್ಲಿ ಮಾತ್ರೆಯೂ ಬದಲಾಗಿತ್ತು, ಆದ್ದರಿಂದ ಎಲ್ಲ ಶ್ರೇಯವೂ ನನ್ನದೆನ್ನಲಾರೆ. ಅಂದು ನಕ್ಕಿದ್ದ ಫಿಸಿಶಿಯನ್ ಈಗ ಕಳುಹಿಸುವ ಚೀಟಿಗಳಲ್ಲಿ ಸಕ್ಕರೆಯ ಅಂಕೆಯ ಪಕ್ಕದಲ್ಲಿ ಕತ್ತಿನ ಅಳತೆಯನ್ನೂ ಬರೆದಿರುತ್ತಾರೆ.