ಸೋತ ನಡೆಗೂ ದಂಡ ಹಾಕಿದ ಮೇಲೆ

"ಬಿಟ್ಹಾಕು ಮಾರಾಯ, ಈಗ ಎಲ್ಲರೂ ನ್ಯೂರಲ್ ನೆಟ್ ಹಿಂದೆ ಬಿದ್ದಿದ್ದಾರೆ" ಅಂತ ಹಾಸನದ ಗೆಳೆಯ ಹೇಳಿದ್ದು ಕಳೆದ ಮಳೆಗಾಲದಲ್ಲಿ. ಚೆಸ್ ಎಂಜಿನ್ ಯಾವ ನಡೆಯನ್ನು ಮೊದಲು ಹುಡುಕಬೇಕು ಅಂತ ನಡೆಗಳನ್ನು ಸಾಲು ಹಚ್ಚುವುದರಲ್ಲಿ ಇನ್ನೇನು ಸಿಗುತ್ತೆ ಅನ್ನೋದು ಅವನ ವಾದ. ಈಗ ನನ್ನ ಚೆಸ್ ಎಂಜಿನ್ ತನ್ನ ಹಳೇ ಆವೃತ್ತಿಯ ಮೇಲೆ ಎರಡು ಸಾವಿರ ಆಟಗಳಲ್ಲಿ ನೂರಕ್ಕೆ 56ರ ಹತ್ತಿರ ಗಳಿಸಿದೆ. ಸುಮಾರು 40 ಇಲೋ (ಆಟದ ಬಲ ಅಳೆಯುವ ಅಂಕ) ಆಯ್ತಲ್ವಾ? ಸ್ಥಾನಕ್ಕೆ ಬೆಲೆ ಕಟ್ಟುವ ಇವ್ಯಾಲ್ಯುಯೇಶನ್‌ನ ಒಂದು ಸಾಲೂ ಮುಟ್ಟಿಲ್ಲ.

ಮೊದಲು ಇದ್ದದ್ದು ಎಲ್ಲರ ಹತ್ತಿರ ಇರುವುದೇ. ಹ್ಯಾಷ್ ನಡೆ (ಇದೇ ಸ್ಥಾನದಲ್ಲಿ ಹಿಂದೆ ಒಳ್ಳೇದು ಅನಿಸಿದ್ದು), ಹೊಡೆತಗಳು, ಎರಡು ಕಿಲ್ಲರ್ (ಪಕ್ಕದ ಸ್ಥಾನಗಳಲ್ಲಿ ಕೆಲಸ ಮಾಡಿದ ನಡೆಗಳು), ಆಮೇಲೆ ಹಿಸ್ಟರಿ (ಪ್ರತಿ ನಡೆ ಹಿಂದೆ ಎಷ್ಟು ಕೆಲಸಕ್ಕೆ ಬಂತು ಅನ್ನೋ ಅಂಕ). ಬೀಟಾ ಕಟಾಫ್, ಅಂದರೆ ಈ ನಡೆಯೇ ಸಾಕು, ಉಳಿದವನ್ನು ನೋಡಬೇಕಿಲ್ಲ ಅನ್ನುವ ಹಂತ, ಮೊದಲ ನಡೆಗೇ ಸಿಗುತ್ತಿದ್ದದ್ದು ನೂರಕ್ಕೆ 78ರಷ್ಟು. ಕಾವಲಿರುವ ಕಾಲಾಳನ್ನು ಮಂತ್ರಿಯಿಂದ ಹೊಡೆಯುವಂಥ ದಡ್ಡ ನಡೆಗಳನ್ನು ಎಸ್‌ಇಇ (ಒಂದು ಮನೆಯ ಹೊಡೆದಾಟ ಮುಗಿದಾಗ ಲಾಭವೋ ನಷ್ಟವೋ ಅನ್ನೋ ಲೆಕ್ಕ) ನೋಡಿ ಕೊನೆಗೆ ತಳ್ಳಿದೆ. 83ಕ್ಕೆ ಬಂತು. ಅಲ್ಲಿಗೆ ನಿಂತಿತು.

ಹದಿನೈದು ದಿನ ತಲೆ ಕೆಡಿಸಿಕೊಂಡು, ಒಂದು ರಾತ್ರಿ ಹಿಸ್ಟರಿ ಟೇಬಲ್ಲನ್ನೇ ಪ್ರಿಂಟ್ ಮಾಡಿದೆ. ಕುದುರೆ ಎಫ್3ರಿಂದ ಇ5ಕ್ಕೆ: ಮೈನಸ್ 31 ಸಾವಿರ ಚಿಲ್ಲರೆ! ಆ ಸ್ಥಾನದ ಒಳ್ಳೇ ನಡೆಯೇ ಅದು. ಅಂಕವನ್ನು 16 ಬಿಟ್ಟಿನಲ್ಲಿ ಇಟ್ಟಿದ್ದೆ. ಆಳ 10ರಲ್ಲಿ, ಅಂದರೆ ಹತ್ತು ನಡೆ ಮುಂದೆ ನೋಡುವಾಗ, ಒಂದು ಕಟಾಫಿಗೆ 100 ಅಂಕ, ಮುನ್ನೂರು ಚಿಲ್ಲರೆ ಸಲ ಸಿಕ್ಕರೆ 32767 ದಾಟಿ ಮೈನಸ್ಸಿಗೆ ಉರುಳುತ್ತೆ. ಚೆನ್ನಾಗಿ ಕೆಲಸ ಮಾಡಿದ ನಡೆಗೇ ಕೊನೇ ಸಾಲು.

ಅದನ್ನು ಸರಿಮಾಡಿದರೂ ಸಿಕ್ಕಿದ್ದು ಸ್ವಲ್ಪವೇ. ನಿಜವಾಗಿ ತಿರುಗಿದ್ದು ದಂಡದಿಂದ. ಒಂದು ಶಾಂತ ನಡೆ (ಏನನ್ನೂ ಹೊಡೆಯದ್ದು) ಕಟಾಫ್ ಕೊಟ್ಟಾಗ ಅದಕ್ಕೆ ಅಂಕ ಕೊಡೋದು ಎಲ್ಲರೂ ಮಾಡುತ್ತಾರೆ. ಅದಕ್ಕಿಂತ ಮುಂಚೆ ಸುಮ್ನೆ ಹುಡುಕಿ ಸಮಯ ಹಾಳುಮಾಡಿದ ಶಾಂತ ನಡೆಗಳಿಂದ ಅಷ್ಟೇ ಅಂಕ ಕಿತ್ತುಕೊಂಡೆ. ಅಂಕ ಮಿತಿಯ ಹತ್ತಿರ ಹೋದ ಹಾಗೆ ಬದಲಾವಣೆ ಚಿಕ್ಕದಾಗಬೇಕು. ಅದಕ್ಕೆ ಯಾವ ಅಂಕಿಯಿಂದ ಭಾಗಿಸಿದೆ ಅನ್ನೋದನ್ನು ಮಾತ್ರ ಕೇಳಬೇಡಿ. ಮೊದಲ ನಡೆಯ ಕಟಾಫ್ 90 ದಾಟಿತು. ನಾನು ಯಾವಾಗಲೂ ನೋಡುವ ಒಂದು ನಡುಆಟದ ಸ್ಥಾನದಲ್ಲಿ, ಆಳ 12ಕ್ಕೆ 1.8 ಕೋಟಿ ನೋಡ್ (ಹುಡುಕಿದ ಸ್ಥಾನಗಳು) ಇದ್ದದ್ದು 60-65 ಲಕ್ಷಕ್ಕೆ ಇಳಿಯಿತು.

ನಡುವೆ ಒಂದು ಪ್ರಯೋಗ. ಎಲ್ಲಾ ನಡೆಗಳನ್ನೂ ಪೂರ್ತಿ ಸಾರ್ಟ್ ಮಾಡದೆ, ಬೇಕಾದಾಗ ಒಂದೊಂದೇ ದೊಡ್ಡದನ್ನು ಆರಿಸಿದೆ. ವೇಗ ನೂರಕ್ಕೆ ಐದಾರು ಹೆಚ್ಚಿತು. ಕಾಯಿ ಹೋಗಿ ಕೂರುವ ಮನೆಯ ಮೌಲ್ಯ ನೋಡಿ ಸಾಲು ಹಚ್ಚಿದ್ದು ಏನೂ ಕೊಡಲಿಲ್ಲ.

ದುಡ್ಡಿನ ಕಥೆ ಬೇರೆ. ಚಿಕ್ಕಮಗಳೂರಿನ ಜುಲೈ ಗೊತ್ತಲ್ಲ, ಗಾಳಿ ಬಂದರೆ ಕರೆಂಟ್ ಇಲ್ಲ. ಇಡೀ ಪಂದ್ಯ ಮುಗಿದ ಮೇಲಷ್ಟೇ ಫಲಿತಾಂಶ ಬರೆಯುವ ಸ್ಕ್ರಿಪ್ಟ್ ನನ್ನದು. 1,400 ಆಟ ಹೋಯ್ತು. ಯುಪಿಎಸ್ ಬ್ಯಾಟರಿಗೆ 12 ಸಾವಿರ ಸುರಿದೆ. ಅದಕ್ಕೂ ಮುಂಚೆ ಬಾಡಿಗೆ ಸರ್ವರಿಗೆ ಎರಡು ಸಾವಿರ ಚಿಲ್ಲರೆ ಹಾಳು. ಅಲ್ಲಿ ವೇಗ ಗಂಟೆಗೊಂದು ಥರ, ಒಂದು ಫಲಿತಾಂಶವೂ ನಂಬುವ ಹಾಗಿರಲಿಲ್ಲ.

ಮೊನ್ನೆ ಹಾಸನಕ್ಕೆ ಹೋಗಿ ಗೆಳೆಯನ ಎಂಜಿನ್ನಿಗೂ ದಂಡ ಹಾಕಿದೆವು. ಹತ್ತು ಇಲೋ ಕೂಡ ಬರಲಿಲ್ಲ. ಅವನು ನಕ್ಕ. ಕೋಡ್ ತೆಗೆದು ನೋಡಿದರೆ ಅವನ ಎಲ್‌ಎಂಆರ್ (ಸಾಲಿನ ಕೊನೇ ನಡೆಗಳನ್ನು ಕಡಿಮೆ ಆಳಕ್ಕೆ ಹುಡುಕುವ ಭಾಗ) ಹಿಸ್ಟರಿ ಕಡೆ ತಿರುಗಿಯೂ ನೋಡುತ್ತಿಲ್ಲ. ಈ ವಾರ ಅದನ್ನು ಜೋಡಿಸುತ್ತಿದ್ದಾನೆ.