ರೈಲು ಬೇಕು ಎನ್ನುವವರು ಅರ್ಜಿ ಯಾರಿಗೆ ಬರೆಯಬೇಕು

'ನಮ್ಮ ಶಾಸಕರು ವಿಧಾನಸಭೆಯಲ್ಲಿ ಒಂದು ಕಾಯ್ದೆ ಮಾಡಿಸಿದರೆ ಹಾಸನಕ್ಕೆ, ಚಿಕ್ಕಮಗಳೂರಿಗೆ ಇನ್ನಷ್ಟು ರೈಲು ಬರುತ್ತದೆ' ಎಂಬ ಲೆಕ್ಕಾಚಾರದಿಂದಲೇ ಎಷ್ಟೋ ಮನವಿಗಳು ಹಾದಿ ತಪ್ಪುತ್ತವೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ರೈಲ್ವೆ ಇರುವುದು ಸಂಸತ್ತು ಮಾತ್ರ ಕಾಯ್ದೆ ಮಾಡಬಲ್ಲ ಕೇಂದ್ರ ಪಟ್ಟಿಯ 22ನೇ ನಮೂದಿನಲ್ಲಿ. ರೈಲಿನ ವೇಳೆ, ನಿಲುಗಡೆ, ಬೋಗಿ ಯಾವುದರ ಮೇಲೂ ರಾಜ್ಯದ ಶಾಸನ ನಡೆಯದು. ರಾಜ್ಯದ ಕೈಯಲ್ಲಿರುವುದು ಜಮೀನು, ಯೋಜನೆಯಲ್ಲಿ ಪಾಲು ಹಣ, ಸದನದ ಪ್ರಶ್ನೆ ಮತ್ತು ನಿರ್ಣಯ. ಇವೇನೂ ಸಣ್ಣವಲ್ಲ.

ಮೊದಲು ಬೇಡಿಕೆಯನ್ನು ಬಿಡಿಸಿಕೊಳ್ಳಿ. ವೇಳೆ ಬದಲಾವಣೆ, ನಿಲುಗಡೆ ಬೇಕಿದ್ದರೆ ಮೈಸೂರು ವಿಭಾಗದ ಡಿಆರ್‌ಎಂ (ವಿಭಾಗೀಯ ರೈಲ್ವೆ ವ್ಯವಸ್ಥಾಪಕರು) ಅವರಿಗೆ ಬರೆದು, ಪ್ರತಿಯನ್ನು ಹುಬ್ಬಳ್ಳಿಯ ನೈಋತ್ಯ ರೈಲ್ವೆ ಪ್ರಧಾನ ಕಚೇರಿಗೆ ಕಳಿಸಿ. ಹೊಸ ರೈಲಾದರೆ ಸಂಸದರ ಮೂಲಕ ರೈಲ್ವೆ ಮಂಡಳಿಗೆ. ಕಡೂರು ವಿಧಾನಸಭಾ ಕ್ಷೇತ್ರ ಚಿಕ್ಕಮಗಳೂರು ಜಿಲ್ಲೆಯದಾದರೂ ಲೋಕಸಭೆಗೆ ಹಾಸನಕ್ಕೆ ಸೇರುತ್ತದೆ. ಹಾಗಾಗಿ ಕಡೂರು–ಚಿಕ್ಕಮಗಳೂರು ಮಾರ್ಗದ ಮನವಿಗೆ ಹಾಸನ ಮತ್ತು ಉಡುಪಿ–ಚಿಕ್ಕಮಗಳೂರು, ಇಬ್ಬರು ಸಂಸದರ ಪತ್ರ ಬೇಕು. ಒಬ್ಬರದನ್ನಷ್ಟೇ ಹಿಡಿದು ಹೋದರೆ ಅರ್ಧ ಬಲ.

ಅರ್ಜಿಗೊಂದೇ ಬೇಡಿಕೆ. 'ಹೆಚ್ಚಿನ ರೈಲು ಸೌಲಭ್ಯ ಒದಗಿಸಬೇಕು' ಎಂದು ಬರೆದರೆ ಕಡತ ಅಲ್ಲೇ ಮಲಗುತ್ತದೆ. ರೈಲು ಸಂಖ್ಯೆ, ನಿಲ್ದಾಣ, ಈಗಿನ ವೇಳೆ, ಕೇಳುವ ವೇಳೆ, ಕಾರಣ, ಇಷ್ಟಿರಲಿ. ಉದಾಹರಣೆಗೆ: 'ಈ ರೈಲು ಅರಸೀಕೆರೆ ಮುಟ್ಟುವ 10 ನಿಮಿಷಕ್ಕೆ ಮುಂಚೆ ಹುಬ್ಬಳ್ಳಿ ಕಡೆಯ ಗಾಡಿ ಹೊರಡುತ್ತದೆ, ಹಾಸನದಿಂದ 25 ನಿಮಿಷ ಮುಂದಾಗಿ ಬಿಟ್ಟರೆ ಸಂಪರ್ಕ ಸಿಗುತ್ತದೆ.' ಇದಕ್ಕೆ ಸತತ 7 ದಿನ ಪ್ಲಾಟ್‌ಫಾರಂನಲ್ಲಿ ನಿಂತು ಎಣಿಸಿದ ಹತ್ತುವವರ, ಇಳಿಯುವವರ ಸಂಖ್ಯೆ ಲಗತ್ತಿಸಿ. ಜಾತ್ರೆ, ಹಬ್ಬದ ವಾರ ಬೇಡ, ಅಂಕಿ ಉಬ್ಬಿದ್ದು ನೋಡಿದವರಿಗೆ ಗೊತ್ತಾಗುತ್ತದೆ.

ಮಂಗಳೂರು ಕಡೆಗೆ ಇನ್ನೊಂದು ರೈಲು ಕೇಳುವ ಮುನ್ನ ಘಾಟಿಯನ್ನು ನೆನಪಿಡಿ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ ಸುಮಾರು 55 ಕಿ.ಮೀ. ಏಕಪಥ, 57 ಸುರಂಗ, 50 ಮೀಟರಿಗೆ 1 ಮೀಟರು ಏರು. ಎದುರಿನ ಗಾಡಿ ದಾಟುವವರೆಗೆ ಈ ಕಡೆಯದು ಕಾಯಲೇಬೇಕು. ಆದ್ದರಿಂದ ಓಡುತ್ತಿರುವ ರೈಲಿಗೆ ಬೋಗಿ ಸೇರಿಸಿ ಎಂದು ಕೇಳುವುದೇ ಮೇಲು.

ಈಗ ರಾಜ್ಯದ ಕೆಲಸ, ಅಂದರೆ ಬೇಲೂರು ಮಾರ್ಗದಂಥ ಹೊಸ ಹಳಿಗೆ ಜಮೀನು ಮತ್ತು ಪಾಲು ಹಣ. ಇಲ್ಲಿ ಶಾಸಕರಿಗೆ ಕೊಡಬೇಕಾದ್ದು ಮನವಿಯಲ್ಲ, ಸಿದ್ಧ ಪ್ರಶ್ನೆ: 'ಬೇಕಾದ ಜಮೀನು ಎಷ್ಟು ಎಕರೆ? ಅಧಿಸೂಚನೆ ಆದದ್ದೆಷ್ಟು? ಪರಿಹಾರದ ಐತೀರ್ಪು (ಮೊತ್ತ ನಿಗದಿಯ ಆದೇಶ) ಆದದ್ದೆಷ್ಟು? ರೈಲ್ವೆಗೆ ಹಸ್ತಾಂತರವಾದದ್ದೆಷ್ಟು?' ನಾಲ್ಕೂ ಅಂಕಿ ಹೀಗೆ ಬೇರೆಬೇರೆಯಾಗಿ ಕೇಳದಿದ್ದರೆ 'ಭೂಸ್ವಾಧೀನ ಪ್ರಗತಿಯಲ್ಲಿದೆ' ಎಂಬ ಒಂದೇ ಸಾಲು ಬರುತ್ತದೆ. ದಿನಾಂಕಗಳನ್ನೂ ಕೇಳಿಸಿ: 2013ರ ಭೂಸ್ವಾಧೀನ ಕಾಯ್ದೆಯಡಿ 19ನೇ ಕಲಮಿನ ಘೋಷಣೆಯಾದ 12 ತಿಂಗಳೊಳಗೆ ಐತೀರ್ಪು ಆಗಬೇಕು, ಅವಧಿ ವಿಸ್ತರಿಸದೆ ಮೀರಿದರೆ ಇಡೀ ಪ್ರಕ್ರಿಯೆ ರದ್ದು. ಜೊತೆಗೆ ರಾಜ್ಯದ ಪಾಲು ಎಷ್ಟು ಬಿಡುಗಡೆಯಾಗಿದೆ ಎಂದು ಮೂಲಸೌಲಭ್ಯ ಅಭಿವೃದ್ಧಿ ಇಲಾಖೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಅರ್ಜಿ ಹಾಕಿ; 30 ದಿನದಲ್ಲಿ ಉತ್ತರ ಬರಬೇಕು.

ಕೇಂದ್ರ ಬಜೆಟ್ ಫೆಬ್ರವರಿ 1ಕ್ಕೆ, ರಾಜ್ಯದ್ದು ಸಾಮಾನ್ಯವಾಗಿ ಅದರ ಬೆನ್ನಲ್ಲೇ. ಜನವರಿಯಲ್ಲಿ ಓಡಾಡಿದರೆ ತಡ. ನವೆಂಬರಿನಲ್ಲೇ ಪತ್ರ ಕೊಡಿ. ಬಜೆಟ್ ಬಂದ ಮೇಲೆ ಯಾವ ಕಾಮಗಾರಿಗೆ ಎಷ್ಟು ಹಣ ಎಂದು ಪಟ್ಟಿ ಮಾಡುವ ರೈಲ್ವೆಯ ಪಿಂಕ್ ಬುಕ್ ತೆರೆದು ನಿಮ್ಮ ಯೋಜನೆಯ ಸಾಲು ಹುಡುಕಿ. ಅಲ್ಲಿನ ಮೊತ್ತ ಸಾವಿರ ರೂಪಾಯಿಗಳಲ್ಲಿರುತ್ತದೆ. 'ಯೋಜನೆಗೆ ಹಣ ಇಟ್ಟಿದ್ದಾರೆ' ಎಂದು ಪಟಾಕಿ ಹೊಡೆದವರು ಆ ಸಾಲಿನಲ್ಲಿ ಬರೀ '1' ಕಂಡರೆ, ಇಟ್ಟಿರುವುದು ಒಂದು ಸಾವಿರ ರೂಪಾಯಿ ಮಾತ್ರ.